ನಮ್ಮವನ ತಪ್ಪು

2014ರ ಜೂನ್ 24. ಬ್ರೆಜಿಲಿನ ನಟಾಲ್ ನಗರದಲ್ಲಿ ಇಟಲಿ ಮತ್ತು ಉರುಗ್ವೆ ನಡುವೆ ವಿಶ್ವಕಪ್ ಫುಟ್‌ಬಾಲಿನ ಗುಂಪು ಹಂತದ ಕೊನೆಯ ಪಂದ್ಯ. ಡ್ರಾ ಮಾಡಿಕೊಂಡರೂ ಇಟಲಿಗೆ ಮುಂದಿನ ಸುತ್ತು ಸಿಗುತ್ತಿತ್ತು. ಉರುಗ್ವೆಗೆ ಗೆಲ್ಲದೆ ಗತ್ಯಂತರವಿರಲಿಲ್ಲ. 79ನೇ ನಿಮಿಷವಾದರೂ ಗೋಲಿನ ಸುಳಿವಿಲ್ಲ. ಇಟಲಿಯ ಗೋಲಿನ ಮುಂದೆ ಉರುಗ್ವೆಯ ಲೂಯಿಸ್ ಸುವಾರೆಜ್, ತನ್ನ ಕಾವಲಿಗಿದ್ದ ಡಿಫೆಂಡರ್ ಜಾರ್ಜೊ ಕಿಯೆಲ್ಲಿನಿಯ ಎಡ ಹೆಗಲಿಗೆ ಬಾಯಿ ಹಾಕಿದ. ಮರುಕ್ಷಣ ಇಬ್ಬರೂ ನೆಲದ ಮೇಲಿದ್ದರು. ಸುವಾರೆಜ್ ತನ್ನ ಮುಂದಿನ ಹಲ್ಲುಗಳನ್ನು ಬೆರಳಲ್ಲಿ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತಿದ್ದ, ಪೆಟ್ಟು ಬಿದ್ದದ್ದು ತನಗೇ ಎಂಬ ಹಾಗೆ. ಕಿಯೆಲ್ಲಿನಿ ಜೆರ್ಸಿಯನ್ನು ಭುಜದಿಂದ ಕೆಳಕ್ಕೆಳೆದು ಹಲ್ಲಿನ ಗುರುತು ತೋರಿಸುತ್ತ ರೆಫರಿಯ ಮುಂದೆ ನಿಂತ. ಮೆಕ್ಸಿಕೊದ ರೆಫರಿ ಮಾರ್ಕೊ ರೊಡ್ರಿಗೆಜ್ ಕಚ್ಚಿದ್ದನ್ನು ಕಂಡಿರಲಿಲ್ಲ. ಸುವಾರೆಜ್‌ಗೆ ಯಾವ ಕಾರ್ಡೂ ಬರಲಿಲ್ಲ. ಎರಡು ನಿಮಿಷದ ಬಳಿಕ ಕಾರ್ನರ್ ಕಿಕ್‌ನಿಂದ ಬಂದ ಚೆಂಡನ್ನು ಡಿಯೆಗೊ ಗೊಡಿನ್ ಗೋಲಿಗೆ ಸೇರಿಸಿದ. ಉರುಗ್ವೆ 1–0ಯಿಂದ ಗೆದ್ದಿತು, ಇಟಲಿ ಮನೆಗೆ ಹೋಯಿತು.

ಎರಡು ದಿನ ಕಳೆಯುವಷ್ಟರಲ್ಲಿ ಫಿಫಾದ ಶಿಸ್ತು ಸಮಿತಿ ದೃಶ್ಯಗಳನ್ನು ನೋಡಿ ತೀರ್ಪು ಕೊಟ್ಟಿತು: 9 ಅಂತರರಾಷ್ಟ್ರೀಯ ಪಂದ್ಯಗಳಿಂದ ಹೊರಗೆ, 4 ತಿಂಗಳು ಫುಟ್‌ಬಾಲಿಗೆ ಸಂಬಂಧಿಸಿದ ಯಾವ ಚಟುವಟಿಕೆಯೂ ಇಲ್ಲ, 1 ಲಕ್ಷ ಸ್ವಿಸ್ ಫ್ರಾಂಕ್ ದಂಡ. ತಂಡದೊಂದಿಗೆ ಹೋಟೆಲಿನಲ್ಲಿರಲೂ ಬಿಡದೆ ಆತನನ್ನು ಊರಿಗೆ ಕಳಿಸಲಾಯಿತು. ಮೊಂಟೆವಿಡಿಯೊದ ವಿಮಾನ ನಿಲ್ದಾಣದಲ್ಲಿ ಅಭಿಮಾನಿಗಳು ಬಾವುಟ ಹಿಡಿದು ಕಾದಿದ್ದರು. ಮನೆಯ ಬಾಲ್ಕನಿಯಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಂತು ಆತ ಕೈಬೀಸಿದ. ದೇಶದ ಅಧ್ಯಕ್ಷ ಹೊಸೆ ಮುಹಿಕಾ ಫಿಫಾದವರನ್ನು ಬಾಯಿಗೆ ಬಂದಂತೆ ಬೈದರು. ಕೋಚ್ ಆಸ್ಕರ್ ತಬಾರೆಜ್, ಫಿಫಾದಲ್ಲಿ ತಾವು ಹೊಂದಿದ್ದ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಜೂನ್ 28ರಂದು ಮರಕಾನಾ ಕ್ರೀಡಾಂಗಣದಲ್ಲಿ ಕೊಲಂಬಿಯಾ ವಿರುದ್ಧದ ಪಂದ್ಯಕ್ಕೆ ಬಂದ ಉರುಗ್ವೆಯ ಬೆಂಬಲಿಗರಲ್ಲಿ ಹಲವರು ಸುವಾರೆಜ್‌ನ ಮುಖವಾಡ ಹಾಕಿಕೊಂಡಿದ್ದರು. ಅತ್ತ ಕೊಪಕಬಾನಾ ಕಡಲ ತೀರದಲ್ಲಿ ಬೇರೆ ದೇಶದ ಪ್ರವಾಸಿಗರು, ಬಾಯಿ ತೆರೆದ ಸುವಾರೆಜ್‌ನ ಜಾಹೀರಾತು ಚಿತ್ರದ ಹಲ್ಲುಗಳ ನಡುವೆ ತೋಳೋ ತಲೆಯೋ ಇಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಂದೇ ಕೃತ್ಯ ಒಂದು ಗುಂಪಿಗೆ ನಗೆಪಾಟಲು, ಇನ್ನೊಂದು ಗುಂಪಿಗೆ ಹುತಾತ್ಮನ ಕಥೆ.

ಉರುಗ್ವೆಯ ಆ ದಿನಗಳ ಮಾತುಗಳನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಬೇರೆಬೇರೆ ವಾದಗಳಿದ್ದವು. ಒಂದು, ‘ಹಾಗೇನೂ ಆಗಲೇ ಇಲ್ಲ’ ಎಂಬುದು. ತಾನು ಏನನ್ನೂ ಕಾಣಲಿಲ್ಲ ಎಂದ ನಾಯಕ ಡಿಯೆಗೊ ಲುಗಾನೊ. ಚಿತ್ರವನ್ನು ತಿದ್ದಿದ್ದಾರೆ, ಗುರುತು ಹಳೆಯದು ಎಂದವರೂ ಇದ್ದರು. ಸ್ವತಃ ಸುವಾರೆಜ್, ಆಯತಪ್ಪಿ ಎದುರಾಳಿಯ ಮೇಲೆ ಬಿದ್ದಾಗ ಮುಖ ತಗುಲಿತು ಎಂದು ಸಮಿತಿಗೆ ಬರೆದುಕೊಟ್ಟಿದ್ದ. ಇನ್ನೊಂದು, ‘ಶಿಕ್ಷೆ ಅತಿಯಾಯಿತು’ ಎಂಬುದು. ಮೊದಲನೆಯದು ಸುಳ್ಳು. ಎರಡನೆಯದರಲ್ಲಿ ಹುರುಳಿತ್ತು. ಆದರೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಹುರುಳಿದ್ದ ಮಾತೂ ಗಾಳಿಗೆ ಹೋಯಿತು. ಪಂದ್ಯ ಮುಗಿದ ಮೇಲೆ ಬರುವ ನಿಷೇಧ, ಅಭಿಮಾನ ಎಂಬ ಭಾವಕ್ಕೆ ಒಡ್ಡುವ ನೈತಿಕ ಪರೀಕ್ಷೆ ಇಲ್ಲಿದೆ. ನಮ್ಮವನನ್ನು ಪ್ರೀತಿಸುವ ಹಕ್ಕು ನಮಗಿದೆ, ಅವನ ಶಿಕ್ಷೆಯ ಅಳತೆಯನ್ನು ಪ್ರಶ್ನಿಸುವ ಹಕ್ಕೂ ಇದೆ. ಆದರೆ ಆ ಎರಡನೆಯ ಹಕ್ಕು ತಪ್ಪನ್ನು ತಪ್ಪೆಂದು ಒಪ್ಪಿಕೊಂಡವರಿಗೆ ಮಾತ್ರ ಸಲ್ಲುತ್ತದೆ.

ಮೊದಲು ಬುಡದ ಪ್ರಶ್ನೆ: ತೀರ್ಪುಗಾರನ ಕಣ್ಣಿಗೆ ಬೀಳದ ತಪ್ಪು ತಪ್ಪೇ? ಪ್ಲೇಟೊ ತನ್ನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಗೈಜಿಸ್ ಎಂಬ ಕುರಿಗಾಹಿಯ ಕಥೆಯನ್ನು ತರುತ್ತಾನೆ. ತೊಟ್ಟವನನ್ನು ಅದೃಶ್ಯನನ್ನಾಗಿಸುವ ಉಂಗುರ ಅವನಿಗೆ ಸಿಗುತ್ತದೆ. ಅದರ ಬಲದಿಂದ ಅವನು ರಾಜನನ್ನು ಕೊಂದು ರಾಜ್ಯವನ್ನೇ ಕಬಳಿಸುತ್ತಾನೆ. ಯಾರೂ ನೋಡುವುದಿಲ್ಲ ಎಂದಾದರೆ ಸಜ್ಜನನಿಗೂ ದುರ್ಜನನಿಗೂ ಏನು ವ್ಯತ್ಯಾಸ ಎಂಬುದು ಅಲ್ಲಿ ಎದ್ದ ಸವಾಲು. ನಮ್ಮ ಪರಂಪರೆ ಇದೇ ಸವಾಲನ್ನು ಚಿತ್ರಗುಪ್ತನ ಕಡತದಿಂದ ಎದುರಿಸಿತು: ನೋಡಿದವರಿರಲಿ ಇಲ್ಲದಿರಲಿ, ಲೆಕ್ಕ ಬರೆಯಲ್ಪಡುತ್ತದೆ. ಇದಕ್ಕೆ ಮಹಾಭಾರತ ಕೊಡುವ ನಿದರ್ಶನ ಇನ್ನೂ ಹರಿತವಾದದ್ದು. ದ್ರೋಣ ಶಸ್ತ್ರ ಕೆಳಗಿಟ್ಟದ್ದು ಧರ್ಮರಾಯನ ಒಂದು ಅರ್ಧಸತ್ಯವನ್ನು ನಂಬಿ. ಯುದ್ಧಭೂಮಿಯಲ್ಲಿ ಅದಕ್ಕೆ ಯಾರೂ ದಂಡ ವಿಧಿಸಲಿಲ್ಲ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕೆ ತಾಗಿತು, ಅಷ್ಟೆ. ಯುದ್ಧ ಮುಂದುವರಿಯಿತು, ಪಾಂಡವರು ಗೆದ್ದರು. ಎಷ್ಟೋ ವರ್ಷಗಳ ಬಳಿಕ, ಸ್ವರ್ಗಾರೋಹಣ ಪರ್ವದಲ್ಲಿ ಅದೇ ಧರ್ಮರಾಯನಿಗೆ ಸ್ವಲ್ಪ ಹೊತ್ತು ನರಕದ ದರ್ಶನವಾಗುತ್ತದೆ. ಕಾರಣ ಕೇಳಿದರೆ, ಅಂದು ದ್ರೋಣನಿಗೆ ಮಾಡಿದ ವಂಚನೆ ಎಂಬ ಉತ್ತರ ಬರುತ್ತದೆ. ಕುರುಕ್ಷೇತ್ರದ ಫಲಿತಾಂಶ ಬದಲಾಗಲಿಲ್ಲ, ದ್ರೋಣ ಎದ್ದು ಬರಲಿಲ್ಲ, ಸಿಂಹಾಸನವನ್ನು ಯಾರೂ ಹಿಂದಕ್ಕೆ ಪಡೆಯಲಿಲ್ಲ. ಆದರೆ ಮಾಡಿದವನ ಖಾತೆ ಮುಚ್ಚಿರಲಿಲ್ಲ. ಶತಮಾನಗಳಿಂದ ಪಾಂಡವಪಕ್ಷಪಾತಿಗಳಾಗಿಯೇ ಈ ಕಥೆ ಕೇಳುತ್ತ ಬಂದ ನಾವು ಅದನ್ನು ಅನ್ಯಾಯ ಎಂದಿಲ್ಲ. ಧರ್ಮರಾಯನ ಮೇಲಿನ ನಮ್ಮ ಗೌರವವೂ ಅದರಿಂದ ಕಡಿಮೆಯಾಗಿಲ್ಲ.

ಆಟದ ಕಟ್ಟುಪಾಡು ಬೇರೆ ಎನ್ನುವವರಿದ್ದಾರೆ. ಮೈದಾನದಲ್ಲಿ ರೆಫರಿಯ ತೀರ್ಮಾನವೇ ಅಂತಿಮ, ಕೊನೆಯ ಸೀಟಿ ಊದಿದ ಮೇಲೆ ಅಲ್ಲಿಗೆ ಎಲ್ಲ ಮುಗಿಯಿತು, ಆಮೇಲೆ ಕೋಣೆಯಲ್ಲಿ ಕೂತು ಟಿವಿ ನೋಡಿ ಶಿಕ್ಷೆ ಕೊಡುವುದು ಆಟದ ಸ್ವಭಾವಕ್ಕೇ ವಿರುದ್ಧ ಎಂಬುದು ಅವರ ವಾದ. ಇದು ತೂಕವುಳ್ಳ ಆಕ್ಷೇಪ. ಮುಗಿಯದ ಆಟ ಆಟವೇ ಅಲ್ಲ. ಪ್ರತಿ ಪಂದ್ಯವನ್ನೂ ಮರುವಿಚಾರಣೆಗೆ ತೆರೆದಿಟ್ಟರೆ ಗೆಲುವಿಗೂ ಸೋಲಿಗೂ ಅರ್ಥ ಉಳಿಯುವುದಿಲ್ಲ. ಆದರೆ ಪಂದ್ಯದ ನಂತರದ ಶಿಕ್ಷೆ ಮುಟ್ಟುವುದು ಫಲಿತಾಂಶವನ್ನಲ್ಲ, ನಡತೆಯನ್ನು. ಉರುಗ್ವೆಯ ಗೆಲುವನ್ನು ಫಿಫಾ ಮುಟ್ಟಲಿಲ್ಲ. ಸುವಾರೆಜ್‌ನನ್ನು ಶಿಕ್ಷಿಸಿದ್ದು ಆಗಿನ ಶಿಸ್ತು ಸಂಹಿತೆಯ 77ನೇ ವಿಧಿಯ ‘ಎ’ ಉಪವಿಧಿಯ ಅಧಿಕಾರದಿಂದ. ಅದು ಪಂದ್ಯದ ಅಧಿಕಾರಿಗಳ ಗಮನಕ್ಕೆ ಬಾರದೆ ಹೋದ ಗಂಭೀರ ಅಪರಾಧಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ರೆಫರಿ ಕಂಡು ತೀರ್ಮಾನಿಸಿದ್ದನ್ನು ಅದು ಮತ್ತೆ ಕೆದಕುತ್ತಿರಲಿಲ್ಲ, ಸಣ್ಣಪುಟ್ಟ ತಪ್ಪುಗಳ ಬೆನ್ನು ಹತ್ತುತ್ತಿರಲಿಲ್ಲ. 1994ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಇಟಲಿಯ ಮೌರೊ ತಸ್ಸೊತ್ತಿ ಸ್ಪೇನಿನ ಲೂಯಿಸ್ ಎನ್ರಿಕೆಯ ಮುಖಕ್ಕೆ ಮೊಣಕೈಯಿಂದ ಹೊಡೆದಾಗ ರೆಫರಿಗೆ ಅದು ಕಾಣಲಿಲ್ಲ. ದೃಶ್ಯ ನೋಡಿ 8 ಪಂದ್ಯಗಳ ನಿಷೇಧ ಹೇರಲಾಯಿತು. ಅದೇ 2009ರ ನವೆಂಬರ್‌ನಲ್ಲಿ ಫ್ರಾನ್ಸಿನ ಥಿಯೆರಿ ಆನ್ರಿ ಚೆಂಡನ್ನು ಕೈಯಲ್ಲಿ ತಡೆದು ಗೋಲಿಗೆ ದಾರಿ ಮಾಡಿಕೊಟ್ಟು ಐರ್ಲೆಂಡಿನ ವಿಶ್ವಕಪ್ ಕನಸನ್ನೇ ಮುರಿದಾಗ, ಅದನ್ನು ಶಿಕ್ಷಿಸಲು ತನ್ನ ನಿಯಮದಲ್ಲಿ ಆಧಾರವಿಲ್ಲ ಎಂದು ಶಿಸ್ತು ಸಮಿತಿ ಕೈಚೆಲ್ಲಿತು. ಐರಿಷರಿಗೆ ಇದು ನುಂಗಲಾಗದ ತುತ್ತು. ಆದರೂ ಇದರಲ್ಲೊಂದು ವಿವೇಕವಿದೆ. ಆಟದೊಳಗಿನ ಮೋಸವನ್ನು ಆಟ ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ. ಇನ್ನೊಬ್ಬನ ಮೈಗೆ ಮಾಡಿದ ಹಿಂಸೆಯನ್ನು ತಾಳಿಕೊಳ್ಳಬೇಕಾಗಿಲ್ಲ. ಸೀಟಿ ಊದಿದಾಗ ಪಂದ್ಯ ಮುಗಿಯುತ್ತದೆ, ಕಿಯೆಲ್ಲಿನಿಯ ಹೆಗಲ ಮೇಲಿನ ಗುರುತು ಮಾಯುವುದಿಲ್ಲ.

ಇಷ್ಟು ಸ್ಪಷ್ಟವಿದ್ದರೆ ಲಕ್ಷಾಂತರ ಜನ ಅದನ್ನು ಕಾಣದೆ ಹೋದದ್ದು ಹೇಗೆ? ಅವರೆಲ್ಲ ಸುಳ್ಳುಗಾರರು ಎಂದರೆ ಸುಲಭದ ಉತ್ತರವಾಯಿತು. 1951ರ ನವೆಂಬರ್‌ನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಅವರ ಶೈಲಿಯ ಫುಟ್‌ಬಾಲಿನ ಒರಟು ಪಂದ್ಯವೊಂದು ನಡೆಯಿತು. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಮನೋವಿಜ್ಞಾನಿಗಳು ಅದೇ ಪಂದ್ಯದ ಫಿಲ್ಮನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡದ ತಪ್ಪುಗಳೆಂದು ಡಾರ್ಟ್‌ಮತ್‌ನವರು ಎಣಿಸಿದ್ದು ಸರಾಸರಿ 4.3, ಪ್ರಿನ್ಸ್‌ಟನ್‌ನವರು ಎಣಿಸಿದ್ದು 9.8. ಫಿಲ್ಮ್ ಒಂದೇ, ಪರದೆ ಒಂದೇ. 1954ರಲ್ಲಿ ಪ್ರಕಟವಾದ ಆ ಅಧ್ಯಯನದ ತಾತ್ಪರ್ಯ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ: ಪಕ್ಷಪಾತ ಶುರುವಾಗುವುದು ನಾಲಿಗೆಯಲ್ಲಲ್ಲ, ಕಣ್ಣಿನಲ್ಲಿಯೇ. ಹಾಗಾಗಿ ನಿರಾಕರಿಸುವ ಅಭಿಮಾನಿಯನ್ನು ಸುಳ್ಳುಗಾರ ಎನ್ನುವ ಮುನ್ನ ತಡೆಯಬೇಕು. ಆದರೆ ಇದರಿಂದ ಅವನು ಹೊಣೆಯಿಂದ ಪಾರಾಗುವುದಿಲ್ಲ. ತನ್ನ ಕಣ್ಣು ಒಂದು ಕಡೆಗೆ ವಾಲುತ್ತದೆ ಎಂದು ಗೊತ್ತಿರುವವನು, ವಾಲದ ಕಣ್ಣೊಂದನ್ನು ಹುಡುಕಬೇಕಾಗುತ್ತದೆ. ಆ್ಯಡಂ ಸ್ಮಿತ್ ಅರ್ಥಶಾಸ್ತ್ರದ ಗ್ರಂಥಕ್ಕೂ ಮೊದಲು, 1759ರಲ್ಲಿ ಬರೆದ ನೀತಿಶಾಸ್ತ್ರದ ಪುಸ್ತಕದಲ್ಲಿ ಅಂಥ ನಿಷ್ಪಕ್ಷಪಾತಿ ಪ್ರೇಕ್ಷಕನೊಬ್ಬನನ್ನು ನಮ್ಮೊಳಗೇ ಕಲ್ಪಿಸಿಕೊಳ್ಳಲು ಹೇಳಿದ. ಸುವಾರೆಜ್‌ನ ಅಭಿಮಾನಿಗೆ ಆ ಪ್ರೇಕ್ಷಕ ಕೇಳುವುದು ಇಷ್ಟೇ: ಕಿಯೆಲ್ಲಿನಿ ಸುವಾರೆಜ್‌ನನ್ನು ಕಚ್ಚಿದ್ದರೆ ನೀನು ಏನು ಹೇಳುತ್ತಿದ್ದೆ?

ಈ ಹಂತದಲ್ಲಿ ಅತ್ಯಂತ ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. ಪ್ರೀತಿಗೆ ನಿಷ್ಪಕ್ಷಪಾತ ಎಂಬುದೇ ಇಲ್ಲ, ಇರಲೂ ಬಾರದು ಎಂಬ ಆಕ್ಷೇಪ ಅದು. ಊರೆಲ್ಲ ಒಬ್ಬನ ಮೇಲೆ ಬಿದ್ದಾಗ ಅವನ ಪಕ್ಕ ನಿಲ್ಲುವುದೇ ನಿಷ್ಠೆ. ತೂಕ ಮಾಡಿ ನೋಡಿ ಕೊಡುವ ಪ್ರೀತಿ ಪ್ರೀತಿಯಲ್ಲ. ಇದರ ಬೆನ್ನಿಗೆ ಕನ್‌ಫ್ಯೂಷಿಯಸ್‌ನೇ ಇದ್ದಾನೆ. ಕುರಿ ಕದ್ದ ತಂದೆಯ ವಿರುದ್ಧ ಮಗನೇ ಸಾಕ್ಷಿ ಹೇಳಿದ್ದನ್ನು ಒಬ್ಬ ಅಧಿಪತಿ ಪ್ರಾಮಾಣಿಕತೆ ಎಂದು ಹೊಗಳಿದಾಗ, ನಮ್ಮ ಕಡೆ ತಂದೆಯನ್ನು ಮಗನೂ ಮಗನನ್ನು ತಂದೆಯೂ ಮರೆಮಾಡುತ್ತಾರೆ, ಪ್ರಾಮಾಣಿಕತೆ ಇರುವುದು ಅದರಲ್ಲೇ ಎಂಬರ್ಥದ ಉತ್ತರ ಕೊಟ್ಟವನು ಆತ. ಆದರೆ ಸೂಕ್ಷ್ಮವಾಗಿ ನೋಡಿದರೆ ಕನ್‌ಫ್ಯೂಷಿಯಸ್ ಒಪ್ಪಿದ್ದು ಮರೆಮಾಡುವುದನ್ನು. ಕದ್ದದ್ದು ಕಳ್ಳತನವೇ ಅಲ್ಲ ಎಂದು ಬೀದಿಯಲ್ಲಿ ಸಾರುವುದನ್ನಲ್ಲ, ಕುರಿ ಕಳೆದುಕೊಂಡವನನ್ನೇ ಸುಳ್ಳುಗಾರ ಎನ್ನುವುದನ್ನಂತೂ ಅಲ್ಲವೇ ಅಲ್ಲ. ಮನೆಯೊಳಗಿನ ಮೌನ ಬೇರೆ, ಬೀದಿಯ ಘೋಷಣೆ ಬೇರೆ. ಇದಕ್ಕೆದುರಾಗಿ ಗಾಂಧಾರಿಯನ್ನು ನಿಲ್ಲಿಸಿ ನೋಡಬಹುದು. ಯುದ್ಧದ ಹದಿನೆಂಟು ದಿನವೂ ದುರ್ಯೋಧನ ತಾಯಿಯ ಬಳಿ ಬಂದು ಗೆಲುವನ್ನು ಹರಸು ಎಂದು ಬೇಡಿದ. ಅವಳು ಮಗನ ಹೆಸರು ಹಿಡಿದು ಗೆಲುವನ್ನು ಹರಸಲಿಲ್ಲ. ಧರ್ಮ ಯಾವ ಕಡೆಯೋ ಗೆಲುವು ಆ ಕಡೆಗೆ ಎಂದಷ್ಟೇ ಹೇಳಿ ಕಳಿಸಿದಳು. ಅವನು ಸತ್ತಾಗ ಎಲ್ಲರಿಗಿಂತ ಹೆಚ್ಚು ಅತ್ತವಳೂ ಅವಳೇ, ಆ ದುಃಖದಲ್ಲಿ ಕೃಷ್ಣನನ್ನೇ ಶಪಿಸಿದವಳೂ ಅವಳೇ. ಅವಳ ಪ್ರೀತಿ ಕಡಿಮೆಯಿತ್ತು ಎಂದು ಯಾರೂ ಹೇಳಲಾರರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದ ತಾಯಿಗೆ ಕಂಡದ್ದು, ಪುತ್ರವ್ಯಾಮೋಹದ ಧೃತರಾಷ್ಟ್ರನಿಗೆ ಕಾಣಲಿಲ್ಲ. ಮಗನನ್ನು ಹಾಳುಮಾಡಿದ್ದು ಯಾರ ಪ್ರೀತಿ ಎಂಬುದರಲ್ಲಿ ಮಹಾಭಾರತಕ್ಕೆ ಸಂದೇಹವಿಲ್ಲ.

ನಿರಾಕರಣೆಯ ಬೆಲೆಯನ್ನು ನಿರಾಕರಿಸುವವನು ತೆರುವುದಿಲ್ಲ ಎಂಬುದೂ ಗಮನಿಸಬೇಕಾದ ಸಂಗತಿ. ಸುವಾರೆಜ್‌ನ ಬದುಕಿನಲ್ಲೇ ಇದಕ್ಕೊಂದು ಹಳೆಯ ಉದಾಹರಣೆಯಿದೆ. 2011ರ ಅಕ್ಟೋಬರ್ 15ರಂದು ಲಿವರ್‌ಪೂಲ್ ಪರ ಆಡುತ್ತಿದ್ದಾಗ ಮ್ಯಾಂಚೆಸ್ಟರ್ ಯುನೈಟೆಡ್‌ನ ಪ್ಯಾಟ್ರಿಸ್ ಎವ್ರಾನನ್ನು ಮೈಬಣ್ಣ ಹಿಡಿದು ನಿಂದಿಸಿದ ಆರೋಪ ಆತನ ಮೇಲೆ ಬಂತು. ರೆಫರಿಯ ಕಿವಿಗೆ ಬೀಳದ ಮಾತುಗಳವು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನೇಮಿಸಿದ ಸ್ವತಂತ್ರ ಆಯೋಗ ಇಬ್ಬರನ್ನೂ ವಿಚಾರಿಸಿ, ಆರೋಪ ಸಾಬೀತಾಗಿದೆ ಎಂದು 8 ಪಂದ್ಯಗಳ ನಿಷೇಧ, 40,000 ಪೌಂಡ್ ದಂಡ ವಿಧಿಸಿತು. ಅದರ ಕಾರಣಗಳನ್ನು ವಿವರಿಸಿದ ವರದಿಯೇ 115 ಪುಟಗಳಷ್ಟಿತ್ತು. ವರದಿ ಹೊರಬರುವವರೆಗೂ ಲಿವರ್‌ಪೂಲ್ ಕಾಯಲಿಲ್ಲ. ತೀರ್ಪಿನ ಮರುದಿನವೇ, ವಿಗನ್ ವಿರುದ್ಧದ ಪಂದ್ಯಕ್ಕೆ ಮುನ್ನ ಆಟಗಾರರು ಸುವಾರೆಜ್‌ನ ಚಿತ್ರವಿದ್ದ ಟೀ ಶರ್ಟು ತೊಟ್ಟು ಮೈದಾನಕ್ಕೆ ಇಳಿದರು. ನಿಷ್ಠೆಯ ಪ್ರದರ್ಶನ ಅಂದರೆ ಇದೇ. ಅದನ್ನು ಎವ್ರಾನ ಜಾಗದಲ್ಲಿ ನಿಂತು ನೋಡಿದರೆ ಅದರ ಅರ್ಥ ಬೇರೆ: ನೀನು ಹೇಳಿದ್ದು ಸುಳ್ಳು. ಆ ತಂಡದ ಹಿರಿಯ ಆಟಗಾರ ಜೇಮಿ ಕ್ಯಾರಗರ್ ಅದು ದೊಡ್ಡ ತಪ್ಪಾಗಿತ್ತೆಂದು ಟಿವಿ ಕಾರ್ಯಕ್ರಮದಲ್ಲಿ ಎವ್ರಾನ ಎದುರೇ ಕ್ಷಮೆ ಕೇಳಿದ್ದು 2019ರಲ್ಲಿ. ನಡುವಿನ ಎಂಟು ವರ್ಷ ಎವ್ರಾ ಆ ಟೀ ಶರ್ಟುಗಳ ಭಾರ ಹೊತ್ತಿದ್ದ. ತಪ್ಪಿತಸ್ಥನ ಪಕ್ಕ ನಿಲ್ಲುವುದು ಕರುಣೆಯಾಗಬಹುದು. ಅದೇ ಕಾರಣಕ್ಕೆ ನೊಂದವನ ಎದುರು ನಿಂತರೆ ಅದು ಎರಡನೆಯ ಹೊಡೆತ.

ಇನ್ನೊಂದು ಬಗೆಯ ಆಕ್ಷೇಪ ತೀರ್ಪು ಕೊಡುವವರ ಯೋಗ್ಯತೆಯ ಕುರಿತದ್ದು. ಫಿಫಾ ಏನು ಕಡಿಮೆಯೇ? ಸುವಾರೆಜ್ ಪ್ರಕರಣದ ಮರುವರ್ಷವೇ, 2015ರ ಮೇ ತಿಂಗಳಲ್ಲಿ ಜ್ಯೂರಿಕ್‌ನ ಹೋಟೆಲಿನಿಂದ ಅದರ ಪದಾಧಿಕಾರಿಗಳನ್ನು ಭ್ರಷ್ಟಾಚಾರದ ಆರೋಪದ ಮೇಲೆ ಪೊಲೀಸರು ಹಿಡಿದೊಯ್ದರು. ವರ್ಷಾಂತ್ಯಕ್ಕೆ ಅಧ್ಯಕ್ಷ ಸೆಪ್ ಬ್ಲಾಟರ್ ಅವರನ್ನೇ ಫುಟ್‌ಬಾಲಿನಿಂದ ನಿಷೇಧಿಸಬೇಕಾಯಿತು. ಇಂಥವರು ಒಬ್ಬ ಆಟಗಾರನಿಗೆ ನೀತಿ ಹೇಳುವುದೇ ಎಂಬ ಉರುಗ್ವೆಯವರ ಸಿಟ್ಟಿನಲ್ಲಿ ನ್ಯಾಯವಿದೆ. 35 ಲಕ್ಷದ ಆಸುಪಾಸಿನ ಜನಸಂಖ್ಯೆಯ ದೇಶವೊಂದು, ಎರಡು ಬಾರಿ ವಿಶ್ವಕಪ್ ಗೆದ್ದರೂ ದೊಡ್ಡ ದೇಶಗಳ ನೆರಳಲ್ಲಿ ಬದುಕುತ್ತ ಬಂದದ್ದು, ತನ್ನವನ ಮೇಲೆಯೇ ಜಗತ್ತು ಮುಗಿಬಿದ್ದಿದೆ ಎಂದು ಅಂದುಕೊಂಡರೆ ಅದೂ ಅರ್ಥವಾಗುವಂಥದ್ದೇ. ಕ್ಯಾಮೆರಾದ ಮಾತೂ ಇದೆ. ವಿಶ್ವಕಪ್ ಪಂದ್ಯಕ್ಕೆ ಹತ್ತಾರು ದಿಕ್ಕಿನಿಂದ ಕ್ಯಾಮೆರಾ ಇರುತ್ತದೆ, ಸಣ್ಣ ಲೀಗಿನ ಮೈದಾನದಲ್ಲಿ ಒಂದೂ ಇರುವುದಿಲ್ಲ. ಹೆಸರುವಾಸಿಯಾದವನು ಸಿಕ್ಕಿಬೀಳುತ್ತಾನೆ, ಉಳಿದವರು ತಪ್ಪಿಸಿಕೊಳ್ಳುತ್ತಾರೆ. ಇವೆಲ್ಲ ನಿಜ. ಆದರೆ ಇವುಗಳಲ್ಲಿ ಒಂದಾದರೂ ಆತ ಕಚ್ಚಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ನ್ಯಾಯಾಧೀಶನ ಕೈ ಕೊಳಕಾಗಿದೆ ಎಂಬುದು ನ್ಯಾಯಾಧೀಶನನ್ನು ಬದಲಿಸಲು ಕಾರಣ, ಆರೋಪಿಯನ್ನು ಬಿಡುಗಡೆ ಮಾಡಲಲ್ಲ. ಇತರರು ತಪ್ಪಿಸಿಕೊಂಡರು ಎಂಬುದು ಬಲೆಯನ್ನು ಅಗಲ ಮಾಡಲು ಕಾರಣ, ಹರಿದುಹಾಕಲಲ್ಲ.

ಈ ಶಿಕ್ಷೆಯಿಂದ ಯಾರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಗೆ ಮಾತ್ರ ನೇರ ಉತ್ತರ ಕಷ್ಟ. ಅನ್ಯಾಯವಾದದ್ದು ಇಟಲಿಗೆ, ಅದಕ್ಕೆ ಏನೂ ಮರಳಲಿಲ್ಲ. ಸುವಾರೆಜ್ ಇಲ್ಲದ ಉರುಗ್ವೆಯನ್ನು 2–0ಯಿಂದ ಸೋಲಿಸಿ ಮುಂದೆ ಹೋದದ್ದು ನಟಾಲ್‌ನ ಪಂದ್ಯಕ್ಕೆ ಸಂಬಂಧವೇ ಇಲ್ಲದ ಕೊಲಂಬಿಯಾ. ಶಿಕ್ಷೆ ಆತನನ್ನು ತಿದ್ದಿತೇ ಎಂದರೆ ಅದಕ್ಕೂ ದೃಢವಾದ ಹೌದು ಸಿಗದು. ಕಚ್ಚಿದ್ದು ಅದೇ ಮೊದಲಲ್ಲ. 2010ರ ನವೆಂಬರ್‌ನಲ್ಲಿ ಅಯಾಕ್ಸ್ ಪರ ಆಡುವಾಗ ಪಿಎಸ್‌ವಿಯ ಒಟ್ಮಾನ್ ಬಕ್ಕಲ್‌ನನ್ನು ಕಚ್ಚಿ 7 ಪಂದ್ಯ, 2013ರ ಏಪ್ರಿಲ್‌ನಲ್ಲಿ ಚೆಲ್ಸಿಯ ಬ್ರಾನಿಸ್ಲಾವ್ ಇವಾನೊವಿಚ್‌ನನ್ನು ಕಚ್ಚಿ 10 ಪಂದ್ಯ ಹೊರಗಿದ್ದ. ಆ ಎರಡೂ ಶಿಕ್ಷೆಗಳು ಬಂದದ್ದು ಪಂದ್ಯ ಮುಗಿದ ಮೇಲೆಯೇ. ಚೆಲ್ಸಿ ವಿರುದ್ಧವಂತೂ ಕಚ್ಚಿದ ಮೇಲೂ ಮೈದಾನದಲ್ಲೇ ಉಳಿದು, ಹೆಚ್ಚುವರಿ ಸಮಯದ ಕೊನೆಯಲ್ಲಿ ಸಮಬಲದ ಗೋಲನ್ನೂ ಹೊಡೆದಿದ್ದ. 2025ರಲ್ಲಿ, 38ರ ವಯಸ್ಸಿನಲ್ಲಿ, ಅಮೆರಿಕದ ಲೀಗ್ಸ್ ಕಪ್ ಫೈನಲ್ ಸೋತಾಗ ಎದುರಾಳಿ ತಂಡದ ಸಿಬ್ಬಂದಿಯೊಬ್ಬರ ಮೇಲೆ ಉಗಿದು ಮತ್ತೆ ನಿಷೇಧಕ್ಕೆ ಒಳಗಾದ. ಶಿಕ್ಷೆಯ ಸಮರ್ಥನೆ ಅದರ ಲಾಭದ ಮೇಲೆ ಮಾತ್ರ ನಿಂತಿದ್ದರೆ ಇಷ್ಟು ಹೊತ್ತಿಗೆ ಕುಸಿದು ಬೀಳಬೇಕಿತ್ತು. ಅದು ನಿಂತಿರುವುದು ಇನ್ನೊಂದು ಕಂಬದ ಮೇಲೆ. ನಡೆದದ್ದು ನಡೆಯಿತು ಎಂದು ಸಮುದಾಯವೊಂದು ತನ್ನ ಸ್ವಂತ ಬಾಯಿಂದ ಹೇಳುವ ವಿಧಾನ ಶಿಕ್ಷೆ. ಇಟಲಿಗೆ ಪಂದ್ಯ ಮರಳಲಿಲ್ಲ, ಆದರೆ ಜೆರ್ಸಿ ಎಳೆದು ಹೆಗಲು ತೋರಿಸಿದವನ ಮಾತು ನಿಜವೆಂದು ದಾಖಲಾಯಿತು. ನೊಂದವನಿಗೆ ಎಷ್ಟೋ ಸಲ ಸಿಗಬಹುದಾದ ನ್ಯಾಯ ಅಷ್ಟೇ, ಮತ್ತು ಅದು ಸಣ್ಣದಲ್ಲ.

ಇನ್ನು ಅಳತೆಯ ಮಾತು. ಇಲ್ಲಿ ಉರುಗ್ವೆಯವರ ದೂರಿನಲ್ಲಿ ಹುರುಳಿತ್ತು ಎಂದು ಮೊದಲೇ ಹೇಳಿದೆ. ನಾಲ್ಕು ತಿಂಗಳು ಕ್ರೀಡಾಂಗಣದೊಳಕ್ಕೇ ಬಿಡದಿರುವುದು, ತಂಡದೊಂದಿಗೆ ಅಭ್ಯಾಸಕ್ಕೂ ಅವಕಾಶ ಕೊಡದಿರುವುದು ಮೈದಾನದ ತಪ್ಪಿಗೆ ಮೈದಾನದಾಚೆಗೂ ಚಾಚಿದ ಶಿಕ್ಷೆ. ಲೌಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿ 2014ರ ಆಗಸ್ಟ್ 14ರಂದು ಹೇಳಿದ್ದೂ ಇದನ್ನೇ: ಪಂದ್ಯಗಳ ನಿಷೇಧ ಸರಿ, ಅವಧಿಯೂ ಸರಿ, ಆದರೆ ಅಭ್ಯಾಸ ಮತ್ತಿತರ ಚಟುವಟಿಕೆಗಳನ್ನು ತಡೆದದ್ದು ಅತಿ. ಅದಕ್ಕೂ ಮುಂಚೆ ಶಿಕ್ಷೆ ಹೆಚ್ಚಾಯಿತು ಎಂದು ಬಹಿರಂಗವಾಗಿ ಹೇಳಿದವನು, ಬೇರೆ ಯಾರೂ ಅಲ್ಲ, ಕಚ್ಚಿಸಿಕೊಂಡ ಕಿಯೆಲ್ಲಿನಿ. ಜೂನ್ 30ರಂದು ಸುವಾರೆಜ್ ಕ್ಷಮೆ ಕೇಳಿದಾಗ, ಎಲ್ಲ ಮರೆತಾಯಿತು, ಫಿಫಾ ಶಿಕ್ಷೆ ತಗ್ಗಿಸಲಿ ಎಂದವನೂ ಆತನೇ. ಅದೇ ಮಾತನ್ನು ಉರುಗ್ವೆಯ ಅಭಿಮಾನಿಯೂ ಹೇಳಿದ್ದ. ಒಬ್ಬನ ಮಾತಿಗೆ ಕಿವಿಗೊಟ್ಟ ಜಗತ್ತು ಇನ್ನೊಬ್ಬನ ಮಾತಿಗೆ ನಕ್ಕಿತು. ಕಿಯೆಲ್ಲಿನಿಯ ಮಾತಿಗೆ ಬೆಲೆ ಬಂದದ್ದು, ಕಚ್ಚಿದ್ದು ನಿಜ ಎಂಬ ನೆಲದ ಮೇಲೆ ನಿಂತು ಆತ ಮಾತಾಡಿದ್ದರಿಂದ. ಹಳೆಯ ತಪ್ಪುಗಳನ್ನು ಲೆಕ್ಕಕ್ಕೆ ಹಿಡಿದದ್ದು ಒಂದೇ ಪಾಪಕ್ಕೆ ಎರಡು ದಂಡ ಎಂಬ ವಾದವನ್ನೂ ಇಲ್ಲೇ ತೂಗಬಹುದು. ಹಳೆಯದಕ್ಕೆ ಮತ್ತೆ ಶಿಕ್ಷಿಸುವುದು ಬೇರೆ, ಹಳೆಯದನ್ನು ನೆನೆದು ಹೊಸದರ ಗಾಂಭೀರ್ಯವನ್ನು ಅಳೆಯುವುದು ಬೇರೆ. ಮೂರನೆಯ ಸಲ ಕಚ್ಚಿದವನು, ಅದು ಆ ಕ್ಷಣದ ಆವೇಶ ಎನ್ನುವ ರಿಯಾಯಿತಿಯನ್ನು ಕಳೆದುಕೊಂಡಿರುತ್ತಾನೆ. ಆದರೆ ಈ ಚರ್ಚೆಗಳು ಯಾವುವೂ ‘ಆಗಲೇ ಇಲ್ಲ’ ಎನ್ನುವವನಿಗೆ ತೆರೆದಿರುವುದಿಲ್ಲ. ಆಗದ ಕೃತ್ಯಕ್ಕೆ ಅಳತೆ ಎಲ್ಲಿಯದು? ಕೊನೆಗೆ ಅದೇ ವರ್ಷ ಹೊರಬಂದ ತನ್ನ ಆತ್ಮಕಥೆಯಲ್ಲಿ ಸುವಾರೆಜ್ ಕಚ್ಚಿದ್ದನ್ನು ಒಪ್ಪಿಕೊಂಡ. ಅವನಿಗಾಗಿ ಕಂಡದ್ದನ್ನು ಕಾಣಲಿಲ್ಲ ಎಂದವರು ಅವನ ಪುಸ್ತಕದಲ್ಲೇ ಸುಳ್ಳಾದರು.

ಇದನ್ನು ಓದುತ್ತ ಉರುಗ್ವೆಯವರ ಬಗ್ಗೆ ನಗುವ ಮೊದಲು ನಾವು 2008ರ ಜನವರಿಯನ್ನು ನೆನೆಯುವುದು ಒಳ್ಳೆಯದು. ಸಿಡ್ನಿ ಟೆಸ್ಟ್, ಭಾರತದ ನಾಯಕ ನಮ್ಮ ಅನಿಲ್ ಕುಂಬ್ಳೆ. ಆಂಡ್ರ್ಯೂ ಸೈಮಂಡ್ಸ್‌ಗೆ ಜನಾಂಗೀಯ ನಿಂದನೆ ಮಾಡಿದ ಆರೋಪದ ಮೇಲೆ ಹರಭಜನ್ ಸಿಂಗ್‌ಗೆ ಪಂದ್ಯ ಮುಗಿದ ಬಳಿಕ 3 ಟೆಸ್ಟ್‌ಗಳ ನಿಷೇಧ. ಪ್ರವಾಸವನ್ನೇ ಬಿಟ್ಟು ಬನ್ನಿ ಎಂಬ ಕೂಗು ದೇಶದಲ್ಲೆದ್ದಿತು. ಮೇಲ್ಮನವಿ ಕೇಳಿದ ನ್ಯೂಜಿಲೆಂಡಿನ ನ್ಯಾಯಾಧೀಶ ಜಾನ್ ಹ್ಯಾನ್ಸನ್ ಜನಾಂಗೀಯ ನಿಂದನೆಯ ಆರೋಪ ಸಾಬೀತಾಗಿಲ್ಲವೆಂದು ನಿಷೇಧ ತೆಗೆದು, ಅಸಭ್ಯ ಭಾಷೆಗಾಗಿ ಪಂದ್ಯದ ಸಂಭಾವನೆಯ ಅರ್ಧದಷ್ಟು ದಂಡ ಹಾಕಿದರು. ಸಾಕ್ಷ್ಯ ತೂಗಿ ಬಂದ ಆ ತೀರ್ಪನ್ನು ಗೌರವಿಸೋಣ. ಪ್ರಶ್ನೆ ನಮ್ಮ ಕುರಿತದ್ದು. ಅಂದು ಮೈದಾನದ ಆ ಮಾತು ನಮ್ಮಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಆದರೂ ಹ್ಯಾನ್ಸನ್ ಸಾಕ್ಷಿಗಳನ್ನು ಕರೆಯುವ ಎಷ್ಟೋ ದಿನ ಮೊದಲೇ ನಮ್ಮೆಲ್ಲರ ತೀರ್ಪು ಸಿದ್ಧವಾಗಿತ್ತು. ಅಂತಿಮ ತೀರ್ಪು ನಮ್ಮ ತೀರ್ಪಿಗೆ ಹೊಂದಿತು ಎಂಬುದು ನಮ್ಮ ಅದೃಷ್ಟ, ನಮ್ಮ ನ್ಯಾಯಬುದ್ಧಿಯ ಸಾಕ್ಷಿಯಲ್ಲ.

ಕುರುಡಾಗದೆ ಪ್ರೀತಿಸುವುದು ಸಾಧ್ಯವೇ ಎಂದು ಕೇಳುವವರಿಗೆ ಕನ್ನಡದಲ್ಲಿ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 10ನೇ ಶತಮಾನದ ರನ್ನ ‘ಗದಾಯುದ್ಧ’ ಬರೆದದ್ದು ಭೀಮನನ್ನು ನಾಯಕನಾಗಿಟ್ಟುಕೊಂಡು, ತನ್ನ ದೊರೆಯನ್ನು ಅವನಿಗೆ ಹೋಲಿಸಿ. ಆದರೂ ಆ ಕಾವ್ಯದಲ್ಲಿ ನಮ್ಮ ಮನಸ್ಸನ್ನು ಕಲಕುವವನು ದುರ್ಯೋಧನ. ಅವನ ಛಲಕ್ಕೆ, ಹೆಣಗಳ ನಡುವೆ ನಡೆಯುವಾಗಿನ ಅವನ ಒಂಟಿತನಕ್ಕೆ ರನ್ನ ಧಾರಾಳವಾಗಿ ಮರುಗುತ್ತಾನೆ. ಹಾಗೆಂದು ಸಭೆಯಲ್ಲಿ ದ್ರೌಪದಿಗೆ ಅವಮಾನ ಆಗಲೇ ಇಲ್ಲ ಎಂದು ಅವನೆಲ್ಲೂ ಹೇಳುವುದಿಲ್ಲ. ದೋಷವನ್ನು ಅಳಿಸದೆ ದೊಡ್ಡತನವನ್ನು ಮೆಚ್ಚಬಹುದು ಎಂದು ಸಾವಿರ ವರ್ಷಗಳ ಹಿಂದೆಯೇ ಕವಿಯೊಬ್ಬ ತೋರಿಸಿಕೊಟ್ಟಿದ್ದಾನೆ. ಸುವಾರೆಜ್ 69 ಗೋಲುಗಳೊಂದಿಗೆ ಉರುಗ್ವೆಯ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರನಾಗಿ 2024ರಲ್ಲಿ ದೇಶದ ಜೆರ್ಸಿ ಕಳಚಿದ. ಆ ಗೋಲುಗಳೂ ನಿಜ, ಆ ಮೂರು ಕಡಿತಗಳೂ ನಿಜ. ಆದ್ದರಿಂದ ಮುಂದಿನ ಸಲ ನಮ್ಮ ಮೆಚ್ಚಿನ ಆಟಗಾರನ ಮೇಲೆ ಪಂದ್ಯ ಮುಗಿದ ಮೇಲೆ ನಿಷೇಧ ಬಿದ್ದಾಗ, ದೃಶ್ಯವನ್ನು ಒಮ್ಮೆ ಎದುರಾಳಿಯ ಕಡೆಯಿಂದ ನೋಡೋಣ. ಸಾಕ್ಷ್ಯವಿಲ್ಲದಿದ್ದರೆ ಸಾಕ್ಷ್ಯ ಕೇಳೋಣ. ಇದ್ದರೆ ತಪ್ಪನ್ನು ಒಪ್ಪಿಕೊಳ್ಳೋಣ. ಶಿಕ್ಷೆ ಹೆಚ್ಚಾಯಿತು ಎನ್ನಿಸಿದರೆ ಆಮೇಲೆ ಗಟ್ಟಿಯಾಗಿಯೇ ಜಗಳವಾಡೋಣ. ಆಗ ನಮ್ಮ ಮಾತಿಗೆ ಬೆಲೆ ಇರುತ್ತದೆ.